ಗೋಧೂಳಿಯ ಸವಾರರು

ದನಗಳು ಮೇವು ಮುಗಿಸಿ ಊರಿಗೆ ಮರಳುವಾಗ ಗೊರಸಿನಿಂದೆದ್ದ ಧೂಳು ಇಳಿಬಿಸಿಲಿನಲ್ಲಿ ಹೊಂಬಣ್ಣ ತಾಳುವ ಹೊತ್ತಿಗೆ ನಮ್ಮ ಹಿರಿಯರು ಗೋಧೂಳಿ ಎಂದು ಹೆಸರಿಟ್ಟರು. ಮಂಗಳಕಾರ್ಯಗಳಿಗೆ ಅದು ಪ್ರಶಸ್ತವೆಂದರು. ಪಂಚಾಂಗದ ಮಾತು ಹಾಗಿರಲಿ, ಛಾಯಾಚಿತ್ರ ತೆಗೆಯುವವರಿಗೂ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಹಗಲಿನ ಬಿರುಸು ಅಡಗಿರುತ್ತದೆ. ಆಕಾಶದ ಒಂದು ಅಂಚಿನಲ್ಲಿ ಕೆಂಪು, ನೆತ್ತಿಯ ಮೇಲೆ ನೀಲಿ, ನಡುವೆ ಹೆಸರಿಡಲಾಗದ ಹತ್ತು ಬಣ್ಣಗಳು.

ಆದರೆ ಈ ಮುಹೂರ್ತ ಬಲು ಕಿರಿದು. ಸೂರ್ಯನು ಮುಳುಗಿದ ಮೇಲೆ ದಿಗಂತದಿಂದ ೬ ಡಿಗ್ರಿ ಕೆಳಗಿಳಿಯುವವರೆಗಿನ ಕಾಲವನ್ನು ಖಗೋಳಜ್ಞರು ಸಂಧ್ಯೆಯ ಮೊದಲ ಭಾಗವೆಂದು ಗಣಿಸುತ್ತಾರೆ. ಜೂನ್ ತಿಂಗಳ ಲಂಡನ್ನಿನಲ್ಲಿ ಇದು ಮುಕ್ಕಾಲು ಗಂಟೆಯಷ್ಟು ನಿಲ್ಲುತ್ತದೆ. ನಮ್ಮ ನಾಡಿನಲ್ಲಿಯೋ ಸೂರ್ಯನು ಹೆಚ್ಚು ಕಡಮೆ ನೆಟ್ಟಗೆ ಕೆಳಗಿಳಿಯುವನಾದ್ದರಿಂದ ೨೨-೨೩ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಅಷ್ಟರೊಳಗೆ ಓಡುವ ಕುದುರೆಯನ್ನೂ ಅದರ ಮೇಲಿನ ಸವಾರನನ್ನೂ ಚಿತ್ರದಲ್ಲಿ ಹಿಡಿಯಬೇಕೆಂದರೆ ಏನೇನು ಬೇಕು? ಕ್ಯಾಮೆರಾ ಬೇಕು, ಮಿಂಚುದೀಪ ಬೇಕು, ಲೆಕ್ಕಾಚಾರ ಬೇಕು. ಇವೆಲ್ಲಕ್ಕಿಂತ ಮೊದಲು ಕುದುರೆಯ ಒಪ್ಪಿಗೆ ಬೇಕು ಎಂಬುದನ್ನು ಬಲ್ಲವರು ಬಲ್ಲರು.

ಬಂಡೆಗಳ ನಾಡು

ಕನಕಪುರದಿಂದ ಮಳವಳ್ಳಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾತನೂರು ಸಿಗುತ್ತದೆ. ಅದರ ಸಮೀಪದಲ್ಲಿಯೇ ಕಬ್ಬಾಳದುರ್ಗ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿದ್ದ ಈ ಗಿರಿದುರ್ಗ ಇಂದು ಬುಡದಲ್ಲಿರುವ ಕಬ್ಬಾಳಮ್ಮನ ಗುಡಿಯಿಂದಾಗಿ ಹೆಚ್ಚು ಪ್ರಸಿದ್ಧ. ಬೋಳುಬಂಡೆ, ಕುರುಚಲು ಕಾಡು, ರಾಗಿಯ ಹೊಲ, ಮಣ್ಣಿನ ದಾರಿ: ಈ ಸೀಮೆಯ ಸೊಗಸೆಲ್ಲ ಇಷ್ಟರಲ್ಲಿಯೇ ಇದೆ. ಹಗಲಿನಲ್ಲಿ ಬೂದಿಬಣ್ಣಕ್ಕೆ ತಿರುಗಿ ಮಂಕಾಗಿ ಕಾಣುವ ಬಂಡೆ ಸಂಜೆಯ ಓರೆಬೆಳಕು ತಾಕಿದೊಡನೆ ಕಂದು, ಕೆಂಪು, ಕೊನೆಗೆ ಕಪ್ಪು ಎಂದು ಕ್ಷಣಕ್ಷಣಕ್ಕೂ ವೇಷ ಬದಲಿಸುತ್ತದೆ. ಕುದುರೆಯ ಮೈಯನ್ನು ಎತ್ತಿ ತೋರಿಸಲು ಇಂಥ ಕಪ್ಪು ಗೋಡೆಗಿಂತ ಉತ್ತಮವಾದ ಹಿನ್ನೆಲೆ ದೊರೆಯದು.

ಕುದುರೆಗೂ ಈ ಸೀಮೆಗೂ ನಂಟು ಹೊಸದಲ್ಲ. ಮಾಗಡಿಯ ನೆರೆಯ ಕುಣಿಗಲ್ಲಿನ ಅಶ್ವಪಾಲನಾ ಕೇಂದ್ರ ಟಿಪ್ಪುವಿನ ಕಾಲದಿಂದ ಹೆಸರಾದುದು. ಇನ್ನು ಬೆಳ್ಳಿತೆರೆಯ ಮೇಲೆ ಈ ಬಂಡೆಗಳ ನಡುವೆ ಕುದುರೆಗಳು ಓಡಿದ ಕಥೆಯನ್ನು ಅರಿಯದವರು ವಿರಳ. ೧೯೭೩ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ರಾಮನಗರದ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಒಂದು ಕೃತಕ ಗ್ರಾಮವನ್ನೇ ಕಟ್ಟಿ ‘ಶೋಲೆ’ ಚಿತ್ರದ ಚಿತ್ರೀಕರಣವನ್ನು ಆರಂಭಿಸಿತು. ೧೯೭೫ರ ಆಗಸ್ಟ್ ೧೫ರಂದು ತೆರೆಕಂಡ ಆ ಚಿತ್ರದಲ್ಲಿ ದರೋಡೆಕೋರರ ಕುದುರೆಗಳೆಬ್ಬಿಸಿದ ಧೂಳು ಈ ನೆಲದ್ದೇ.

ಆ ಚಿತ್ರದ ಒಂದು ಮೌನ ದೃಶ್ಯ ನಮ್ಮ ವಿಷಯಕ್ಕೆ ಬಲು ಹತ್ತಿರದ್ದಾಗಿದೆ. ವಿಧವೆಯಾದ ಸೊಸೆ ಮನೆಯ ಮೊಗಸಾಲೆಯಲ್ಲಿ ಒಂದೊಂದೇ ದೀಪವನ್ನು ಆರಿಸುತ್ತ ಹೋಗುತ್ತಾಳೆ. ಅಂಗಳದಾಚೆ ಕುಳಿತವನೊಬ್ಬ ಮೌತ್ ಆರ್ಗನ್ ನುಡಿಸುತ್ತಾನೆ. ತೆರೆಯ ಮೇಲೆ ಇದು ಕೆಲವೇ ಕ್ಷಣಗಳ ಆಟ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಅದನ್ನು ನಿಜವಾದ ಮುಸ್ಸಂಜೆಯಲ್ಲಿಯೇ ತೆಗೆಯಬೇಕೆಂದು ಪಟ್ಟು ಹಿಡಿದರು. ದಿನಕ್ಕೆ ದೊರೆಯುತ್ತಿದ್ದುದು ನಾಲ್ಕಾರು ನಿಮಿಷ. ಅಷ್ಟರಲ್ಲಿ ಒಂದೋ ಎರಡೋ ತುಣುಕು ಮುಗಿಯುವುದರೊಳಗೆ ಕತ್ತಲು ಇಳಿಯುತ್ತಿತ್ತು. ಆ ದೃಶ್ಯಕ್ಕಾಗಿ ೨೦ ದಿನಗಳು ಹಿಡಿದುವೆಂದು ಚಿತ್ರಲೋಕದಲ್ಲಿ ಪ್ರಸಿದ್ಧಿ.

ಇಷ್ಟು ತಾಳ್ಮೆ ಏತಕ್ಕೆ? ಸೂರ್ಯನಿರುವಾಗ ದೀಪದ ಬೆಳಕಿಗೆ ಬೆಲೆಯಿಲ್ಲ. ಕತ್ತಲಾದ ಮೇಲೆ ಆಕಾಶಕ್ಕೆ ಬಣ್ಣವಿಲ್ಲ. ಆಕಾಶದ ಬೆಳಕೂ ದೀಪದ ಬೆಳಕೂ ತಕ್ಕಡಿಯ ಎರಡು ತಟ್ಟೆಗಳಂತೆ ಸರಿಸಮ ತೂಗುವ ಗಳಿಗೆ ದಿನಕ್ಕೆ ಎರಡು ಸಲ, ಮುಂಜಾವಿನಲ್ಲಿಯೂ ಸಂಜೆಯಲ್ಲಿಯೂ ಬರುತ್ತದೆ. ಮುಸ್ಸಂಜೆಯ ಸವಾರನ ಚಿತ್ರವೂ ಈ ತೂಕದ ಮೇಲೆಯೇ ನಿಂತಿದೆ. ಅಲ್ಲಿ ಮನೆಯ ದೀಪ, ಇಲ್ಲಿ ಮಿಂಚುದೀಪ. ಅಲ್ಲಿ ಮೆಲ್ಲನೆ ನಡೆಯುವ ಹೆಣ್ಣು, ಇಲ್ಲಿ ನಾಗಾಲೋಟದ ಕುದುರೆ. ವ್ಯತ್ಯಾಸ ಇಷ್ಟೆ.

ಓಟದ ಲೆಕ್ಕ

ಈ ವ್ಯತ್ಯಾಸವೇನೂ ಸಣ್ಣದಲ್ಲ. ಗಂಟೆಗೆ ೪೫ ಕಿಲೋಮೀಟರು ಓಡುವ ಕುದುರೆ ಒಂದು ಸೆಕೆಂಡಿನಲ್ಲಿ ಹನ್ನೆರಡೂವರೆ ಮೀಟರು ಮುಂದೆ ಹೋಗಿರುತ್ತದೆ. ಸೂರ್ಯ ಮುಳುಗಿ ಕಾಲು ಗಂಟೆಯಾದ ಮೇಲೆ ಉಳಿದ ಬೆಳಕಿನಲ್ಲಿ ಚಿತ್ರ ಮೂಡಬೇಕಾದರೆ ಷಟರು ಸೆಕೆಂಡಿನ ೬೦ನೆಯ ಒಂದು ಭಾಗದಷ್ಟಾದರೂ ತೆರೆದಿರಬೇಕಾಗುತ್ತದೆ. ಅಷ್ಟರೊಳಗೆ ಕುದುರೆ ೨೦ ಸೆಂಟಿಮೀಟರು ಸರಿದಿರುತ್ತದೆ. ಮುಖವಿಲ್ಲದ ಸವಾರ, ಕಾಲಿಲ್ಲದ ಕುದುರೆ, ಮಂಜಿನಂಥ ಒಂದು ಗೆರೆ: ಚಿತ್ರದಲ್ಲಿ ಉಳಿಯುವುದು ಇಷ್ಟೇ.

ಮಿಂಚುದೀಪದ ಉಪಕಾರ ಇಲ್ಲಿ ತಿಳಿಯುತ್ತದೆ. ಕೈಯಲ್ಲಿ ಹಿಡಿಯುವಂಥ ಸಾಮಾನ್ಯ ಫ್ಲಾಷನ್ನು ಅದರ ಪೂರ್ಣ ಶಕ್ತಿಯಲ್ಲಿ ಉರಿಸದೆ ಕಾಲುಭಾಗಕ್ಕೋ ಎಂಟನೆಯ ಒಂದು ಭಾಗಕ್ಕೋ ಇಳಿಸಿದರೆ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ ಕಾಲ ಬೆಳಗಿ ಆರುತ್ತದೆ. ಸೆಕೆಂಡಿನ ೨೦೦೦ದ ಒಂದು ಭಾಗವೆಂದಿಟ್ಟುಕೊಂಡರೆ ಅಷ್ಟರಲ್ಲಿ ಕುದುರೆ ಸರಿಯುವುದು ೬ ಮಿಲಿಮೀಟರು ಮಾತ್ರ. ಷಟರು ಎಷ್ಟು ಹೊತ್ತು ಬೇಕಾದರೂ ತೆರೆದಿರಲಿ, ಕುದುರೆಯ ಮೇಲೆ ಬೆಳಕು ಬಿದ್ದುದು ಆ ಒಂದು ಕ್ಷಣದಲ್ಲಿ. ಆದಕಾರಣ ಚಿತ್ರದಲ್ಲಿ ನಿಲ್ಲುವುದೂ ಆ ಒಂದು ಕ್ಷಣವೇ.

ಛಾಯಾಚಿತ್ರಕಲೆಯ ಇತಿಹಾಸದಲ್ಲಿ ಕುದುರೆಗೆ ವಿಶೇಷವಾದ ಸ್ಥಾನವುಂಟು. ಓಡುವಾಗ ಅದರ ನಾಲ್ಕು ಕಾಲುಗಳೂ ಒಮ್ಮೆಯಾದರೂ ನೆಲವನ್ನು ಬಿಟ್ಟಿರುತ್ತವೆಯೆ ಎಂಬ ವಾದವನ್ನು ಬರಿಗಣ್ಣಿನಿಂದ ಬಗೆಹರಿಸಲಾಗದೆ ಅಮೆರಿಕದ ಶ್ರೀಮಂತ ಲೆಲೆಂಡ್ ಸ್ಟ್ಯಾನ್‌ಫರ್ಡ್ ಎಡ್‌ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನ ನೆರವು ಪಡೆದನು. ೧೮೭೮ರ ಜೂನ್ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ, ಸಾಲಾಗಿ ನಿಲ್ಲಿಸಿದ ೧೨ ಕ್ಯಾಮೆರಾಗಳ ಮುಂದೆ ಕುದುರೆ ಓಡಿತು. ಕಾಲುಗಳು ನಾಲ್ಕೂ ಗಾಳಿಯಲ್ಲಿರುವುದು ನಿಜವೆಂದು ಸಿದ್ಧವಾಯಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ! ತಲೆತಲಾಂತರದಿಂದ ಜನ ಕಂಡೆವೆಂದು ನಂಬಿದ್ದುದು ಅವರು ಕಾಣದುದೇ ಆಗಿತ್ತು.

ಮೈಬ್ರಿಜ್ ನೆಚ್ಚಿದ್ದುದು ಹಗಲಿನ ಬಿಸಿಲನ್ನು. ಕತ್ತಲೆಯಲ್ಲಿ ಚಿತ್ರ ತೆಗೆಯಲು ಮೆಗ್ನೀಸಿಯಂ ಬೆರಸಿದ ಮಿಂಚುಪುಡಿ ೧೮೮೭ರಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತು. ಭುಗ್ಗೆಂದು ಹೊತ್ತಿ ಹೊಗೆಯುಗುಳುವ ಆ ಪುಡಿಯನ್ನು ಕುದುರೆಯ ಬಳಿ ಉರಿಸಿದರೆ ಸವಾರನ ಗತಿಯೇನು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ೧೯೩೦ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಸದ್ದಿಲ್ಲದೆ ಉರಿಯುವ ಮಿಂಚುಬಲ್ಬು ಬಂದಿತು. ಅದೇ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಜರ್ಟನ್ ಅನಿಲ ತುಂಬಿದ ನಳಿಗೆಯಲ್ಲಿ ವಿದ್ಯುತ್ತನ್ನು ಹಾಯಿಸಿ, ಬೇಕೆಂದಾಗಲೆಲ್ಲ ಮಿಂಚುವ ದೀಪದಿಂದ ಚಿಮ್ಮುವ ಹಾಲಿನ ಹನಿಯನ್ನು ಚಿತ್ರದಲ್ಲಿ ನಿಲ್ಲಿಸಿ ತೋರಿಸಿದನು. ಇಂದು ಅಂಗಡಿಯಲ್ಲಿ ದೊರೆಯುವ ಫ್ಲಾಷು ಆ ನಳಿಗೆಯ ವಂಶದ್ದೇ.

ವೀರಗಲ್ಲು ಕಲಿಸುವ ಪಾಠ

ಫ್ಲಾಷನ್ನು ಕ್ಯಾಮೆರಾದ ತಲೆಯ ಮೇಲೆಯೇ ಕೂರಿಸಿ ಮಿಂಚಿಸಿದರಾಗದೆ? ದೂರದಲ್ಲಿ ನೆಡುವ ಗೊಡವೆಯೇಕೆ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಊರುಗಳ ಮುಂದಿರುವ ವೀರಗಲ್ಲುಗಳೇ ಹೇಳುತ್ತವೆ. ಕುದುರೆಯೇರಿ ಹೋರಾಡಿ ಮಡಿದವನ ಸ್ಮಾರಕವನ್ನು ನಡುಹಗಲಿನಲ್ಲಿ ನೋಡಿದರೆ ಸವೆದ ಕಲ್ಲಲ್ಲದೆ ಬೇರೇನೂ ಕಾಣಿಸದು. ಸಂಜೆಯ ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಕತ್ತಿ ಏಳುತ್ತದೆ, ಕುದುರೆಯ ಕೊರಳು ಏಳುತ್ತದೆ, ಕಡಿವಾಣದ ಪಟ್ಟಿಯೂ ಏಳುತ್ತದೆ. ಶಾಸನ ಓದುವವರಿಗೆ ಈ ಗುಟ್ಟು ಗೊತ್ತು. ಮಾಸಿದ ಅಕ್ಷರದ ಮುಂದೆ ಅವರು ದೀಪವನ್ನು ನೇರವಾಗಿ ಹಿಡಿಯುವುದಿಲ್ಲ. ಕಲ್ಲಿನ ಒಂದು ಅಂಚಿಗೆ ಹಿಡಿಯುತ್ತಾರೆ. ಅಕ್ಷರವನ್ನು ಓದಿಸುವುದು ಬೆಳಕಲ್ಲ, ಅದರ ನೆರಳು.

ಕುದುರೆಯ ಮೈಯೂ ಒಂದು ಉಬ್ಬುಶಿಲ್ಪ. ಹೆಗಲಿನ ಸ್ನಾಯು, ಪಕ್ಕೆಲುಬಿನ ಬಾಗು, ತೊಡೆಯ ತಿರುವು ಇವೆಲ್ಲ ನೆರಳಿನಿಂದಲೇ ರೂಪ ಪಡೆಯುತ್ತವೆ. ಕ್ಯಾಮೆರಾದ ಮೇಲಿನಿಂದ ಮಿಂಚಿದ ಬೆಳಕು ನೆರಳನ್ನೆಲ್ಲ ಕುದುರೆಯ ಹಿಂದಕ್ಕೆ ತಳ್ಳಿ, ಅದನ್ನು ಕಾಗದದಲ್ಲಿ ಕತ್ತರಿಸಿದ ಬೊಂಬೆಯಂತೆ ಮಾಡುತ್ತದೆ. ಎದುರಿನ ಧೂಳಿನ ಕಣಗಳು ಬಿಳಿಯ ಚುಕ್ಕೆಗಳಾಗಿ ಚಿತ್ರದ ಮೇಲೆಲ್ಲ ಚೆಲ್ಲುತ್ತವೆ. ಇನ್ನೊಂದು ಕೇಡೂ ಉಂಟು. ಮಂದಬೆಳಕಿನಲ್ಲಿ ಚೆನ್ನಾಗಿ ಕಾಣಲೆಂದು ಪ್ರಕೃತಿ ಕುದುರೆಯ ಕಣ್ಣಿನ ಹಿಂಗೋಡೆಗೆ ಕನ್ನಡಿಯಂಥ ಒಂದು ಪದರವನ್ನು ಹಚ್ಚಿದೆ. ಬಂದ ಬೆಳಕನ್ನು ಅದು ಬಂದ ದಾರಿಯಲ್ಲಿಯೇ ಹಿಂದಿರುಗಿಸುತ್ತದೆ. ದೀಪವೂ ಲೆನ್ಸೂ ಒಂದೇ ಕಡೆಯಿದ್ದರೆ ಸಾಧುಪ್ರಾಣಿಯ ಕಣ್ಣು ಭೂತದ ಕಣ್ಣಿನಂತೆ ಹಸಿರಾಗಿ ಉರಿಯುವುದು.

ಆದ್ದರಿಂದಲೇ ಅನುಭವಸ್ಥರು ದೀಪವನ್ನು ಸ್ಟ್ಯಾಂಡಿನ ಮೇಲೆ ಎತ್ತರವಾಗಿ ನಿಲ್ಲಿಸಿ, ಕ್ಯಾಮೆರಾದಿಂದ ಬಲು ದೂರಕ್ಕೆ, ಕುದುರೆಯ ಪಕ್ಕಕ್ಕೆ ಒಯ್ಯುತ್ತಾರೆ. ಮುಳುಗಿದ ಸೂರ್ಯ ಇನ್ನೊಂದು ಗಳಿಗೆ ಇದ್ದಿದ್ದರೆ ಬೆಳಕು ಯಾವ ಕಡೆಯಿಂದ ಬರುತ್ತಿತ್ತೋ ಆ ಕಡೆಯೇ ದೀಪಕ್ಕೆ ತಕ್ಕ ಜಾಗ. ಹಳದಿಗೆಂಪಿನ ತೆಳುಹಾಳೆಯೊಂದನ್ನು ಅದರ ಮುಂದೆ ಕಟ್ಟಿದರೆ ಬೆಳಕು ಪಂಜಿನ ಬಣ್ಣಕ್ಕೆ ತಿರುಗುತ್ತದೆ. ಆಕಾಶದ ನೀಲಿ ಇನ್ನಷ್ಟು ಆಳವಾಗುತ್ತದೆ. ಎರಡನೆಯ ದೀಪವೊಂದಿದ್ದರೆ ಅದನ್ನು ಕುದುರೆಯ ಓರೆಹಿಂದೆ ಇಡುವುದುಂಟು. ಆಗ ಮುಂದಿನಿಂದ ಚಿತ್ರವನ್ನು ಕೆಡಿಸಿದ ಧೂಳೇ ಹಿಂದಿನಿಂದ ಹೊಂಬಣ್ಣದ ಪರದೆಯಾಗಿ, ಗೋಧೂಳಿ ಎಂಬ ಹೆಸರನ್ನು ಸಾರ್ಥಕಗೊಳಿಸುತ್ತದೆ.

ಎರಡು ಲಗಾಮು

ಈ ಕೆಲಸದಲ್ಲಿ ಛಾಯಾಗ್ರಾಹಕನ ಕೈಯಲ್ಲಿಯೂ ಎರಡು ಲಗಾಮುಗಳಿರುತ್ತವೆ. ಆಕಾಶ ಎಷ್ಟು ಬೆಳಗಬೇಕೆಂಬುದನ್ನು ಷಟರಿನ ವೇಗ ನಿರ್ಧರಿಸುತ್ತದೆ. ಕುದುರೆ ಎಷ್ಟು ಬೆಳಗಬೇಕೆಂಬುದು ಲೆನ್ಸಿನ ಕಂಡಿಯನ್ನೂ ದೀಪದ ಶಕ್ತಿಯನ್ನೂ ಅವಲಂಬಿಸಿದೆ. ಮೊದಲು ದೀಪವಿಲ್ಲದೆಯೇ ಆಕಾಶವನ್ನು, ಕಣ್ಣಿಗೆ ಕಾಣುವುದಕ್ಕಿಂತ ತುಸು ಮಂಕಾಗುವಂತೆ ಹೊಂದಿಸಿಕೊಂಡು, ಅನಂತರ ದೀಪವನ್ನು ಕೂಡಿಸುವುದು ಕ್ರಮ. ಕತ್ತಲು ಇಳಿಯುತ್ತಿದ್ದಂತೆ ಷಟರನ್ನು ಹಂತಹಂತವಾಗಿ ನಿಧಾನಗೊಳಿಸುತ್ತ ಹೋದರೆ ಆಯಿತು, ದೀಪವನ್ನು ಮುಟ್ಟುವ ಕಾರಣವಿಲ್ಲ. ಹಾಗೆಂದು ಷಟರನ್ನು ಮನಬಂದಷ್ಟು ವೇಗಗೊಳಿಸಲೂ ಬರುವುದಿಲ್ಲ. ಬಹುಪಾಲು ಕ್ಯಾಮೆರಾಗಳಲ್ಲಿ ಸೆಕೆಂಡಿನ ೨೦೦ರ ಅಥವಾ ೨೫೦ರ ಒಂದು ಭಾಗವೇ ಎಲ್ಲೆ. ಅದನ್ನು ಮೀರಿದರೆ ಷಟರಿನ ಪರದೆ ಪೂರ್ತಿ ತೆರೆಯುವುದರೊಳಗೆ ಮಿಂಚು ಮುಗಿದು, ಚಿತ್ರದ ಒಂದು ಪಕ್ಕ ಕಪ್ಪಾಗುವುದು.

ದೀಪದ ದೂರವೂ ಲೆಕ್ಕಕ್ಕೆ ಸೇರಿದ್ದು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆಂಬುದು ಶಾಲೆಯಲ್ಲಿ ಕಲಿತ ನಿಯಮ. ದೀಪ ೩ ಮೀಟರು ದೂರದಲ್ಲಿದ್ದು, ಕುದುರೆ ಗೊತ್ತಾದ ದಾರಿಗಿಂತ ೧ ಮೀಟರು ಒಳಕ್ಕೆ ಸರಿದರೆ ಅದರ ಮೇಲಿನ ಬೆಳಕು ಎರಡು ಪಟ್ಟಿಗಿಂತ ಹೆಚ್ಚಾಗಿ ಮೈ ಬೆಳ್ಳಗೆ ಸುಟ್ಟುಹೋದಂತೆ ಕಾಣುತ್ತದೆ. ಅದೇ ದೀಪ ೬ ಮೀಟರಿನಲ್ಲಿದ್ದರೆ ಅಷ್ಟೇ ತಪ್ಪಿಗೆ ಬೆಳಕು ಸುಮಾರು ಒಂದೂವರೆ ಪಟ್ಟು ಮಾತ್ರ. ದೂರದ ದೀಪ ಕುದುರೆಯ ಚಾಂಚಲ್ಯವನ್ನು ಕ್ಷಮಿಸುತ್ತದೆ; ಅದರ ಕಣ್ಣಿಗೂ ಅದೇ ಹಿತ. ನೆಲದ ಮೇಲೆ ಸುಣ್ಣದ ಒಂದು ಗೆರೆ ಎಳೆದು, ಸವಾರನು ಅದನ್ನು ದಾಟುವಾಗಲೇ ಕ್ಯಾಮೆರಾದ ಗುಂಡಿ ಒತ್ತುವುದು ಸುಲಭೋಪಾಯ.

ಹಿನ್ನೆಲೆಯ ವಿಷಯದಲ್ಲಿಯೂ ಎಚ್ಚರ ಬೇಕು. ಬೆಳಗುವ ಆಕಾಶದ ಮುಂದೆ ಕುದುರೆ ಓಡಿದರೆ, ಮಿಂಚು ಅದನ್ನು ನಿಲ್ಲಿಸಿದರೂ ತೆರೆದ ಷಟರು ಅಂಚಿನಲ್ಲಿ ಒಂದು ನೆರಳಿನ ಬಾಲವನ್ನು ಬರೆಯುತ್ತದೆ. ಸವಾರನ ಮೈ ಬಂಡೆಯ ಕಪ್ಪಿನ ಮೇಲೂ ಆಕಾಶ ಅವನ ತಲೆಯ ಮೇಲೂ ಬರುವಂತೆ ನಿಂತರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆ ಬಾಲವೇ ಬೇಕೆನ್ನುವವರು ಷಟರು ಮುಚ್ಚುವ ಮುನ್ನ ಮಿಂಚುವಂತೆ ಹೊಂದಿಸಿಕೊಳ್ಳುತ್ತಾರೆ. ಆಗ ಚಲನೆಯ ಗೆರೆಗಳು ಕುದುರೆಯ ಹಿಂದೆ ಉಳಿದು ಓಟದ ಭಾವ ಮೂಡುತ್ತದೆ.

ಕುದುರೆಯ ಕಣ್ಣು

ಇಲ್ಲಿಯವರೆಗಿನ ಮಾತೆಲ್ಲ ಮನುಷ್ಯನ ಕಡೆಯಿಂದ ಆಯಿತು. ಇನ್ನು ಕುದುರೆಯ ಕಡೆಗೆ ಹೊರಳಬೇಕು. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಅತಿ ದೊಡ್ಡ ಕಣ್ಣುಳ್ಳವುಗಳ ಸಾಲಿಗೆ ಅದು ಸೇರಿದೆ. ತಲೆಯ ಎರಡು ಪಕ್ಕದಲ್ಲಿರುವ ಆ ಕಣ್ಣುಗಳಿಂದ ತನ್ನ ಸುತ್ತಲಿನ ೩೬೦ ಡಿಗ್ರಿಗಳಲ್ಲಿ ಸುಮಾರು ೩೫೦ ಡಿಗ್ರಿಗಳನ್ನು ಅದು ಕಾಣಬಲ್ಲುದು. ಕಾಣದಿರುವುದು ಹಣೆಯ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಸ್ವಲ್ಪ ಜಾಗ ಮಾತ್ರ. ಮಂದಬೆಳಕಿನಲ್ಲಿ ಅದರ ನೋಟ ನಮ್ಮದಕ್ಕಿಂತ ಮೇಲು. ಆದರೆ ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು.

ಇದಕ್ಕೆ ಕುದುರೆಯ ಸ್ವಭಾವವನ್ನೂ ಕೂಡಿಸಿ ನೋಡಿರಿ. ಹುಲಿಗೆ ಉಗುರು, ಹೋರಿಗೆ ಕೊಂಬು. ಕುದುರೆಗೆ ಓಟವೇ ಆಯುಧ. ಹೆದರಿದ ಕುದುರೆ ವಿಚಾರ ಮಾಡುವುದಿಲ್ಲ, ಓಡುತ್ತದೆ. ಕಣ್ಣು ಕೋರೈಸಿ, ಮುಂದಿನ ಕಲ್ಲು ಕಾಣದೆ, ಮುಸ್ಸಂಜೆಯಲ್ಲಿ ಸವಾರನನ್ನು ಹೊತ್ತು ಓಡುವ ಕುದುರೆ ಎಲ್ಲಿ ಮುಗ್ಗರಿಸೀತೆಂದು ಹೇಳುವಂತಿಲ್ಲ. ಮುರಿಯುವುದು ಸವಾರನ ಕೊರಳಾಗಬಹುದು; ಕುದುರೆಯ ಕಾಲಾಗಬಹುದು. ಕಾಲು ಮುರಿದ ಕುದುರೆಗೆ ಮತ್ತೆ ಎದ್ದು ನಿಲ್ಲುವ ಭಾಗ್ಯ ಅಪರೂಪ. ಒಂದು ಚಿತ್ರಕ್ಕಾಗಿ ತೆರಬಹುದಾದ ಬೆಲೆಯೆ ಇದು?

ಆದುದರಿಂದ ಬಲ್ಲ ಛಾಯಾಗ್ರಾಹಕನ ಕೆಲಸ ಸಂಜೆಯಲ್ಲಿ ಆರಂಭವಾಗುವುದಿಲ್ಲ, ಹಗಲಿನಲ್ಲಿಯೇ ಆಗುತ್ತದೆ. ಉರಿಯದ ದೀಪವನ್ನು ಮೊದಲು ಕುದುರೆಗೆ ತೋರಿಸಿ, ಅದು ಮೂಸಿ ನೋಡಿ ಬೇಸತ್ತು ಮುಖ ತಿರುಗಿಸುವವರೆಗೆ ಬಿಡಬೇಕು. ಅನಂತರ ಸವಾರನು ಕೆಳಗಿಳಿದು ಲಗಾಮು ಹಿಡಿದು ನಡೆಸುವಾಗ, ಬಲು ದೂರದಿಂದ, ಅತಿ ಕಡಮೆ ಶಕ್ತಿಯಲ್ಲಿ ಒಮ್ಮೆ ಮಿಂಚಿಸಬೇಕು. ಕಿವಿ ಸಡಿಲವಾಗಿ, ಕೊರಳು ತಗ್ಗಿ, ಬಾಯಿ ಮೆಲುಕಾಡಿದರೆ ಒಂದು ಹೆಜ್ಜೆ ಹತ್ತಿರಕ್ಕೆ ಬರಬಹುದು. ಕಿವಿ ನೆಟ್ಟಗಾಗಿ, ಮೂಗಿನ ಹೊಳ್ಳೆ ಅರಳಿ, ಕಣ್ಣಿನ ಬಿಳುಪು ಕಂಡರೆ ಹಿಂದೆ ಸರಿಯಬೇಕು. ಎರಡನೆಯ ಸಲವೂ ಹಾಗೆಯೇ ಆದರೆ ಆ ಕುದುರೆಗೆ ಆ ದಿನ ದೀಪ ಬೇಡ. ಈ ತೀರ್ಪನ್ನು ಕೊಡುವ ಅಧಿಕಾರ ಕ್ಯಾಮೆರಾ ಹಿಡಿದವನದಲ್ಲ, ಕುದುರೆಯನ್ನು ಬಲ್ಲ ಸವಾರನದು.

ಕೆಲವು ನಿಯಮಗಳಿಗಂತೂ ವಿನಾಯಿತಿಯಿಲ್ಲ. ದೀಪ ಎದುರಿನಿಂದ ಕಣ್ಣಿಗೆ ಹೊಡೆಯಬಾರದು. ಕುದುರೆ ಕಾಣದ ಹಿಂಬದಿಯಿಂದ ಹಠಾತ್ತಾಗಿ ಮಿಂಚಲೂ ಬಾರದು. ತಡೆಯನ್ನು ಜಿಗಿಯಲು ನೆಲದಿಂದೇಳುವ ಕ್ಷಣದಲ್ಲಿ ಮಿಂಚು ಸಲ್ಲದು. ಕಾಲಿಗೆ ತೊಡರುವ ತಂತಿಯನ್ನು ನೆಲದ ಮೇಲೆ ಎಳೆಯದೆ ರೇಡಿಯೋ ಸಂಕೇತದಿಂದಲೇ ದೀಪವನ್ನು ಬೆಳಗಿಸಬೇಕು. ಗಾಳಿಗೆ ದೀಪದ ಕಾಲು ಉರುಳದಂತೆ ಮರಳಿನ ಚೀಲ ಹೇರಬೇಕು. ಇಲ್ಲವೆ ಒಬ್ಬ ಸಹಾಯಕನು ಹಿಡಿದು ನಿಲ್ಲಬೇಕು. ಸವಾರನ ತಲೆಗೆ ಶಿರಸ್ತ್ರಾಣವಿರಬೇಕು, ಚಿತ್ರಕ್ಕೆ ಪೇಟವೇ ಚೆಂದವೆಂದು ಯಾರು ಎಷ್ಟೇ ಹೇಳಲಿ.

ಎಲ್ಲಿ ಬೇಡ

ಜಾಗದ ಆಯ್ಕೆಯಲ್ಲಿಯೂ ವಿವೇಕ ಅಗತ್ಯ. ‘ಶೋಲೆ’ಯಿಂದ ಹೆಸರಾದ ರಾಮದೇವರ ಬೆಟ್ಟ ೨೦೧೨ರಿಂದ ರಣಹದ್ದುಗಳ ಅಭಯಧಾಮ. ಬಂಡೆಯ ಗೂಡಿನಲ್ಲಿರುವ ಅಳಿವಿನಂಚಿನ ಹಕ್ಕಿಗಳ ಮುಂದೆ ಮಿಂಚುದೀಪದ ಆಟ ಸಲ್ಲದು. ಸಾತನೂರಿನಿಂದ ಮುತ್ತತ್ತಿಯ ಕಡೆಗೆ ಹೋದರೆ ಕಾವೇರಿ ವನ್ಯಜೀವಿಧಾಮದ ಕಾಡು. ಅಲ್ಲಿಯ ಆನೆಗಳು ಹೊತ್ತಿಳಿದ ಮೇಲೆ ಹೊಲಗಳತ್ತ ಬರುವುದು ಈ ಭಾಗದ ರೈತರ ನಿತ್ಯದ ಸಂಕಟ. ಕಾಡಂಚಿನಿಂದ ದೂರದ, ಒಡೆಯನ ಒಪ್ಪಿಗೆ ಪಡೆದ ಬಯಲಾದರೆ ಸರಿ. ಅಲ್ಲಿಯೂ ಕತ್ತಲು ಗಟ್ಟಿಯಾಗುವ ಮುನ್ನ ಮರಳುವುದು ಮೇಲು.

ಸಾವಿರಾರು ಜನ ನೆರೆಯುವ ಕಡೆಯ ಮಾತು ಬೇರೆ. ವಿಜಯದಶಮಿಯ ಸಂಜೆ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರು ನಾಗಾಲೋಟದಲ್ಲಿ ಬಂದು ನೆಲದಲ್ಲಿ ನೆಟ್ಟ ಗೂಟವನ್ನು ಭರ್ಜಿಯ ಮೊನೆಯಿಂದ ಕೀಳುತ್ತಾರೆ. ಕ್ಷಣಾರ್ಧದ ಗುರಿ, ಒಂದು ಅಂಗುಲ ತಪ್ಪಿದರೂ ಅಪಾಯ. ಅಲ್ಲಿ ತನ್ನದೇ ದೀಪವನ್ನು ಮಿಂಚಿಸುವುದು ಸಾಧುವಲ್ಲ. ಮೈದಾನದ ದೀಪಗಳ ಬೆಳಕಿನಲ್ಲಿ, ಕುದುರೆಯ ಓಟಕ್ಕೆ ಸಮನಾಗಿ ಕ್ಯಾಮೆರಾವನ್ನು ತಿರುಗಿಸುತ್ತ ಗುಂಡಿ ಒತ್ತಿದರೆ, ಹಿನ್ನೆಲೆ ಗೆರೆಗೆರೆಯಾಗಿ ಹರಿದು ಸವಾರನ ಮುಖ ತಕ್ಕಮಟ್ಟಿಗೆ ನಿಲ್ಲುತ್ತದೆ. ಮಿಂಚನ್ನು ಬಳಸಬಲ್ಲವನು ಅದನ್ನು ಬಿಡಲೂ ಬಲ್ಲವನಾಗಿರಬೇಕು.

ಕೊನೆಗೆ ದೊರೆಯುವುದೇನು? ೨೨ ನಿಮಿಷಗಳಲ್ಲಿ ಕುದುರೆ ಸುಣ್ಣದ ಗೆರೆಯನ್ನು ಏಳೆಂಟು ಸಲ ದಾಟಿದರೆ ಹೆಚ್ಚು. ಅವುಗಳಲ್ಲಿ ಎರಡು ಸಲ ಕಾಲಿನ ನಿಲುವು ಕೆಟ್ಟಿರುತ್ತದೆ, ಎರಡು ಸಲ ಸವಾರ ಕಣ್ಣು ಮುಚ್ಚಿರುತ್ತಾನೆ, ಇನ್ನೊಮ್ಮೆ ಧೂಳು ಹೆಚ್ಚಾಗಿರುತ್ತದೆ. ಉಳಿಯುವುದು ಒಂದು ಚಿತ್ರ: ಹಿಂದೆ ಕಪ್ಪುಬಂಡೆ, ಮೇಲೆ ಆರುತ್ತಿರುವ ಆಕಾಶ, ನಡುವೆ ಹೆಗಲಿನ ಮೇಲೆ ಬೆಳಕು ಹೊತ್ತ ಕುದುರೆ. ನೋಡುವವರಿಗೆ ಅಲ್ಲಿ ದೀಪವಿತ್ತೆಂಬುದೇ ತಿಳಿಯಬಾರದು. ಸೂರ್ಯನೇ ಒಂದು ಗಳಿಗೆ ತಡೆದು ನಿಂತನೆಂದು ಅನ್ನಿಸಬೇಕು.

ಆ ಚಿತ್ರ ಚೆನ್ನಾಯಿತೆ ಇಲ್ಲವೆ ಎಂದು ತಿಳಿಯಲು ಒಂದು ಒರೆಗಲ್ಲುಂಟು. ಅದರಲ್ಲಿರುವ ಕುದುರೆಯ ಕಿವಿಗಳನ್ನು ನೋಡಬೇಕು. ಅವು ಸವಾರನ ಮಾತಿಗೋ ಮುಂದಿನ ದಾರಿಗೋ ತೆರೆದಿದ್ದರೆ ಚಿತ್ರ ಗೆದ್ದಿತು. ಭಯದಿಂದ ಹಿಂದಕ್ಕೆ ಒತ್ತಿಕೊಂಡಿದ್ದರೆ ಬೆಳಕು, ಬಣ್ಣ, ಲೆಕ್ಕ ಎಲ್ಲ ಸರಿಯಿದ್ದರೂ ಸೋತಿತು. ದೀಪವನ್ನಾರಿಸಿದೊಡನೆ ಕ್ಯಾಮೆರಾದ ಹಿಂಬದಿಯನ್ನು ನೋಡಿ ಹಿಗ್ಗುವುದಕ್ಕೆ ಮೊದಲು, ಕುದುರೆಯ ಕಣ್ಣು ಕತ್ತಲೆಗೆ ಒಗ್ಗುವವರೆಗೆ ಅದನ್ನು ನಿಂತಲ್ಲಿಯೇ ನಿಲ್ಲಗೊಡುವುದು ಸೌಜನ್ಯ. ಮನೆಗೆ ಮರಳುವ ದಾರಿ ಅದಕ್ಕೂ ಕಾಣಿಸಬೇಕಲ್ಲವೆ?